ಹಿಂದಿನ ಸಾಲಿನ ಮೂರನೆಯವನು

ಬೆಳಿಗ್ಗೆ ಮನೆಯವರು ಫ್ಯಾಕ್ಟರಿಯ ಮೊದಲ ಶಿಫ್ಟಿಗೆ ಹೊರಟ ಮೇಲೆ ನಾನು ಕಾಫಿ ಲೋಟ ತೊಳೆದೆ. ಹಲಗೆಯ ಮೇಲೆ ಹಳೆಯ ಟವೆಲ್ ಹಾಸಿ, ಒಂದಕ್ಕೊಂದು ತಾಗದಂತೆ ಬೆರಳಷ್ಟು ಜಾಗ ಬಿಟ್ಟು ಬೋರಲು ಹಾಕಿದೆ. ಅಮ್ಮ ಹಾಕುತ್ತಿದ್ದದ್ದೂ ಹೀಗೇ. ಆಗ ಚಿನ್ನದ ಗಣಿಯ ಕೂಲಿಗಳಿಗೆ ಕಟ್ಟಿಸಿದ ಚಾಂಪಿಯನ್ ರೀಫ್ಸಿನ ಲೈನ್ ಮನೆಗಳಲ್ಲಿ ಕೆಳಗೆ ಎಲ್ಲೋ ಬಂಡೆ ಸಿಡಿದರೆ ಮೇಲೆ ನಮ್ಮ ಪಾತ್ರೆಗಳು ನಡುಗುತ್ತಿದ್ದವು. ಲೋಟಗಳು ಗಲಗಲ ಅಂದರೆ ಮಕ್ಕಳು ಹೆದರುತ್ತವೆ ಅಂತ ಟವೆಲ್. ಹಾಸಿದರೂ ಒಂದೆರಡು ಸದ್ದು ಮಾಡೇ ಮಾಡುತ್ತಿದ್ದವು. ಹೆಂಗಸರು ಒಲೆ ಬಿಟ್ಟು ಬಾಗಿಲಿಗೆ ಬಂದು, ಗಂಡಸರನ್ನು ಕೆಳಗಿಳಿಸುವ ಶಾಫ್ಟಿನ ಮೇಲಿನ ಚಕ್ರದ ಕಡೆ ನೋಡುತ್ತಾ ನಿಲ್ಲುತ್ತಿದ್ದರು.

ಗಣಿ ಮುಚ್ಚಿ ಎಷ್ಟೋ ವರ್ಷವಾಯಿತು. ಕೆಳಗೆಲ್ಲ ನೀರು ತುಂಬಿದೆ ಅನ್ನುತ್ತಾರೆ. ಆದರೂ ಕೊನೆಯ ಲೋಟ ಇಟ್ಟ ಮೇಲೆ ನಾನು ಒಂದು ಗಳಿಗೆ ಸುಮ್ಮನೆ ನಿಂತು ಕಿವಿಗೊಡುತ್ತೇನೆ.

ಹತ್ತು ಗಂಟೆಗೆ ನಾನು ಓದಿದ ಕಾನ್ವೆಂಟಿಗೆ ಹೋಗಬೇಕಿತ್ತು. ‘ನಮ್ಮ ಊರನ್ನು ಕಟ್ಟಿದವರು’ ಅಂತ ಕಾರಿಡಾರಿನಲ್ಲಿ ಫೋಟೋಗಳನ್ನು ಹಾಕುತ್ತಿದ್ದಾರೆ. ಗಣಿಯ ದೊಡ್ಡ ಸಾಹೇಬರು, ಆಸ್ಪತ್ರೆಯ ಡಾಕ್ಟರು, ಕೂಲಿಗಾಗಿ ಹೋರಾಡಿದ ಯೂನಿಯನ್ ನಾಯಕರು. ನನ್ನ ಅಕ್ಷರ ದುಂಡಗಿದೆ ಅಂತ ಕೆಳಗಿನ ಹೆಸರು ಬರೆಯಲು ಸಿಸ್ಟರ್ ನನ್ನನ್ನು ಕರೆದಿದ್ದರು.

ಎಂಟು ಕಾರ್ಡು ಬರೆದು ಮುಗಿಸಿದೆ. ಒಂಬತ್ತನೆಯ ಫೋಟೋದಲ್ಲಿ ದೊಡ್ಡ ಸಾಹೇಬರು ಶಾಫ್ಟಿನ ಬಾಯಲ್ಲಿ, ಹ್ಯಾಟು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದರು. ಈಗಲೂ ಅವರ ಹೆಸರಿನ ರಸ್ತೆಯಲ್ಲೇ ನಾವು ತರಕಾರಿ ತರುವುದು. ಅವರ ಹಿಂದೆ ತಲೆಗೆ ದೀಪ ಕಟ್ಟಿಕೊಂಡ ಆರು ಜನ. ಬಂಡೆ ಸಿಡಿದಾಗ ಸಿಕ್ಕಿಬಿದ್ದವರನ್ನು ತರಲು ಇಳಿಯುತ್ತಿದ್ದ ತಂಡ.

ಮೂರನೆಯವನು ಅಪ್ಪ.

ಎಡ ಭುಜ ಬಲದ್ದಕ್ಕಿಂತ ಒಂದು ಬೆರಳು ಮೇಲೆ. ಡ್ರಿಲ್ ಮಿಷನ್ನನ್ನು ವರ್ಷಗಟ್ಟಲೆ ಒತ್ತಿ ಹಿಡಿದು ಹಾಗಾಯಿತು ಅನ್ನುತ್ತಿದ್ದ. ಡ್ರಿಲ್ ಹಿಡಿಯದ ನನಗೂ ಅದೇ ಭುಜ ಹೇಗೆ ಬಂತೋ.

ಸಿಸ್ಟರ್ ಕನ್ನಡಕ ಏರಿಸಿಕೊಂಡು, “ಈ ಆರು ಜನರ ಹೆಸರು ಯಾರಿಗೂ ಗೊತ್ತಿಲ್ಲ. ನಿಮ್ಮ ತಂದೆ ಟೈಮ್ ಆಫೀಸಿನಲ್ಲಿ ಕ್ಲರ್ಕ್ ಆಗಿದ್ದರಲ್ಲವಾ? ನಮ್ಮ ಸ್ಕೂಲಿನ ಹಳೇ ರಿಜಿಸ್ಟರಿನಲ್ಲಿ ನೋಡಿದೆ. ಎಲ್ಲರ ಹಾಜರಿ ಅವರ ಹತ್ತಿರವೇ ಇದ್ದಿರಬೇಕು. ಮನೆಯಲ್ಲಿ ಏನಾದರೂ ಹೇಳಿದ್ದರಾ?” ಅಂದರು.

ಆ ರಿಜಿಸ್ಟರಿನ ಮಾತು ನನ್ನದು. ನಾಲ್ಕನೇ ಕ್ಲಾಸಿನಲ್ಲಿ ಒಬ್ಬೊಬ್ಬರನ್ನೇ ಎಬ್ಬಿಸಿ ತಂದೆಯ ಕೆಲಸ ಕೇಳಿದ್ದರು. ನನ್ನ ಮುಂದಿನವಳು ‘ಅಂಡರ್‌ಗ್ರೌಂಡ್’ ಅಂದಾಗ ಆಫೀಸರುಗಳ ಮಕ್ಕಳು ಕೂತಿದ್ದ ಬೆಂಚು ಕಿಸಕ್ಕಂದಿತು. ನಾನು ಎದ್ದು ‘ಟೈಮ್ ಆಫೀಸ್ ಕ್ಲರ್ಕ್’ ಅಂದೆ.

ಮನೆಯಲ್ಲಿ ಹೇಳಲಿಲ್ಲ. ಪೇರೆಂಟ್ಸ್ ಮೀಟಿಂಗ್ ಬಂದಾಗ ಮಾತ್ರ, ಕಲ್ಲಿನ ಚೂರು ಹೊಕ್ಕು ಕೈಯಲ್ಲಿ ಉಳಿದ ಕಪ್ಪು ಚುಕ್ಕೆಗಳು ಕಾಣಬಾರದು ಅಂತ, “ಅಪ್ಪಾ, ತುಂಬುತೋಳಿನ ಶರಟು ಹಾಕ್ಕೊಂಡು ಬಾ” ಅಂದಿದ್ದೆ. ಅಪ್ಪ ಗುಂಡಿ ಹಾಕಿಕೊಂಡು ಬಂದ. ಜೇಬಿಗೆ ಒಂದು ಪೆನ್ನು ಸಿಕ್ಕಿಸಿಕೊಂಡಿದ್ದ. ಬರೆಯಲು ಬರುತ್ತಿದ್ದದ್ದು ಅವನ ಹೆಸರೊಂದೇ. ಮನೆಯಲ್ಲಿ ಪೆನ್ನೂ ಇರಲಿಲ್ಲ. ಪಕ್ಕದ ಮನೆಯಿಂದ ತಂದದ್ದು ಅಂತ ಆಮೇಲೆ ಅಮ್ಮ ಹೇಳಿದಳು. ನಾನು ಕ್ಲರ್ಕ್ ಅಂದದ್ದನ್ನು ಅವನಿಗೆ ಯಾರು ಹೇಳಿದರೋ, ನಾನು ಎಂದೂ ಕೇಳಲಿಲ್ಲ. ಅವನೂ ಒಂದು ಮಾತು ಆಡಲಿಲ್ಲ. ಮುಂದೆ ಕಲ್ಲಿನ ಧೂಳು ಎದೆಗಿಳಿದು, ಮಾತಿಗಿಂತ ಕೆಮ್ಮೇ ಹೆಚ್ಚಾಗಿ, ಹೋಗಿಬಿಟ್ಟ.

ಕಾರ್ಡಿನ ಮೇಲೆ ಸಾಹೇಬರ ಹೆಸರು ಒಣಗುತ್ತಿತ್ತು. ಅಪ್ಪನ ಹೆಸರು ಬರೆಯಬೇಕಾದರೆ ಮೊದಲು ರಿಜಿಸ್ಟರಿನ ಮಾತು ಸುಳ್ಳು ಅನ್ನಬೇಕು. ಹೆಚ್ಚೇನಿಲ್ಲ, ಎರಡು ವಾಕ್ಯ. ಈ ವಯಸ್ಸಿನಲ್ಲಿ ಯಾರೂ ನಗುವುದಿಲ್ಲ ಅಂತ ಗೊತ್ತು. ಆದರೂ ಕಾರಿಡಾರಿನಲ್ಲಿ ಮಕ್ಕಳು ಎಲ್ಲೋ ಕಿಸಕ್ಕೆಂದವು, ಅವರದೇ ಯಾವುದೋ ಆಟಕ್ಕೆ, ಮತ್ತು ನನ್ನ ಬಾಯಿಂದ, “ಗೊತ್ತಿಲ್ಲ ಸಿಸ್ಟರ್” ಅಂತ ಬಂತು.

“ಪರವಾಗಿಲ್ಲ, ‘ಮತ್ತು ಗಣಿ ಕಾರ್ಮಿಕರು’ ಅಂತ ಬರೆದುಬಿಡಿ.”

ಬರೆದೆ. ದುಂಡಗೆ, ಒಂದೇ ಸಮನಾಗಿ. ನನ್ನ ಎದುರಿಗೇ ಕಾರ್ಡನ್ನು ಅಂಟಿಸಿ, ಗಾಜು ಕೂರಿಸಿ, ಹಿಂದೆ ಮೊಳೆ ಹೊಡೆದರು.

ಮಧ್ಯಾಹ್ನ ಮನೆಗೆ ಬಂದೆ. ಲೋಟಗಳನ್ನು ಎತ್ತಿ ಮತ್ತೆ ತೊಳೆದು ಮತ್ತೆ ಜೋಡಿಸಿದೆ. ಚಿನ್ನ ತೆಗೆದು ಉಳಿದ ಮಣ್ಣು ಸುರಿದ ಸೈನೈಡ್ ದಿಬ್ಬದ ಕಡೆಯಿಂದ ಗಾಳಿ ಬಂದು ಕಿಟಕಿಯ ಕಟ್ಟೆಯ ಮೇಲೆ ಬಿಳಿ ಪುಡಿ ಕೂತಿತ್ತು. ಒರೆಸುವಾಗ ಹಿಂದಿನಿಂದ ಯಾರೋ ಮೆಲ್ಲಗೆ ಕೆಮ್ಮಿದ ಹಾಗಾಯಿತು. ತಿರುಗಿ ನೋಡಲಿಲ್ಲ.

ಸಂಜೆ ಪಕ್ಕದ ಮನೆಯವಳು ಬಟ್ಟಲು ಹಿಡಿದುಕೊಂಡು ಹೆಪ್ಪಿಗೆ ಬಂದಳು. ಗಣಿ ಮುಚ್ಚಿದ ಮೇಲೆ ಇಲ್ಲಿಗೆ ಬಂದ ಬಂಗಾರಪೇಟೆ ಕಡೆಯ ಹಳ್ಳಿಯವಳು, ನನ್ನ ಬ್ಲೌಸುಗಳನ್ನು ಹೊಲಿಯುವವಳು. ಮೊಮ್ಮಗಳನ್ನು ಕರೆತರಲು ಅದೇ ಕಾನ್ವೆಂಟಿಗೆ ಹೋಗಿದ್ದಳಂತೆ.

“ಫೋಟೋ ಎಲ್ಲಾ ಆಕವ್ರೆ ಕಣಕ್ಕಾ, ಸೆಂದಾಗದೆ. ನಿಮ್ಮ ಅಕ್ಸರ ಅಂತ ನನ್ ಮೊಮ್ಮಗಳು ಎಲ್ರಿಗೂ ಏಳ್ಕೊಂಡ್ ಓಡಾಡ್ತಾವ್ಳೆ.”

ನಾನು ಮೊಸರಿನ ಪಾತ್ರೆಯ ಮುಚ್ಚಳ ತೆಗೆದೆ.

“ಅದ್ರಾಗೆ ಸಾಯೇಬ್ರ ಇಂದೆ ಮೂರ್ನೆಯೋನು ಒಬ್ಬ ಅವ್ನೆ ನೋಡಿ,” ಅಂದಳು ಬಟ್ಟಲು ಮುಂದೆ ಹಿಡಿದು. “ನಿಮ್ ಎಡ ಬುಜ ಮ್ಯಾಲದೆ ಅಂತ ಬ್ಲೌಸ್ಗೆ ಬಲಗಡೆ ಒಂದು ಮಡಿಕೆ ಜಾಸ್ತಿ ಇಡೀತೀನಲ್ಲಾ, ಅವ್ನ್ ಶರ್ಟ್ಗೂ ಅಂಗೇ ಇಡೀಬೇಕಾಗ್ತಿತ್ತು. ಯಾರ್ ಎತ್ತ ಮಗನೋ ಪಾಪ. ಸಾಕಕ್ಕಾ, ಇಷ್ಟು ಎಪ್ಪು ಸಾಕು.”