ಒಣಗಿ ಬಂದ ಟ್ರಂಪೆಟ್

ಸೋಮವಾರ ಬಂತೆಂದರೆ ಅಕ್ಕನಿಗೆ ಏಳುವ ಮೊದಲೇ ಸೊಂಟ ನೋಯಲು ಶುರುವಾಗುತ್ತಿತ್ತು. ಭಾನುವಾರ ಒಂಬತ್ತು ಜನ ಊದಿ ಬಿಟ್ಟ ಒಂಬತ್ತು ವಾದ್ಯಗಳು ಅವಳ ಬಚ್ಚಲುಮನೆಗೆ ಬಂದು ಬೀಳುತ್ತಿದ್ದವು. ಬ್ಯಾಂಡಿನವರಿಗೆಲ್ಲ ಅವಳು ಅಕ್ಕ. ಅವಳಿಗಿಂತ ಹತ್ತು ವರ್ಷ ದೊಡ್ಡವರಾದ ಬ್ಯಾಂಡ್ ಮೇಷ್ಟ್ರಿಗೂ ಅಕ್ಕನೇ. ಹಾಗೆ ಕರೆದರೆ ಎಂಜಲು ತೊಳೆಸುವುದು ಸುಲಭ ನೋಡಿ.

ಕೆಲಸವೇನೂ ಬ್ರಹ್ಮವಿದ್ಯೆಯಲ್ಲ. ಹಿತ್ತಾಳೆಯವನ್ನು ಬಿಚ್ಚಿ ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ನೆನೆಹಾಕಬೇಕು, ಕೊಳವೆಯೊಳಗೆ ಉದ್ದನೆಯ ಬ್ರಷ್ ಹಾಯಿಸಬೇಕು, ಒರೆಸಿ ಎಣ್ಣೆ ಬಿಡಬೇಕು. ಕ್ಲಾರಿನೆಟ್ ಮರದ್ದು, ಅದನ್ನು ನೀರಿಗೆ ಹಾಕುವಂತಿಲ್ಲ. ಒಳಗೆ ಒಣಬಟ್ಟೆ ಎಳೆಯಬೇಕು. ಮೊದಲ ವರ್ಷ, ಕ್ರಿಮಿಗಳು ಸಾಯಲಿ ಎಂದು ಕುದಿಯುವ ನೀರು ಸುರಿದು ಒಂದು ಟ್ರಂಪೆಟ್ಟಿನ ಮೆರುಗನ್ನೆಲ್ಲ ಕಿತ್ತುಹಾಕಿದ್ದಳು. ಅದು ಅವಳ ಅಣ್ಣನದೇ. ಅವನು ಬೈಯಲಿಲ್ಲ. ಆ ಮಚ್ಚೆಗಳ ಸಮೇತ ಹನ್ನೊಂದು ವರ್ಷ ಮೊದಲ ಸಾಲಿನಲ್ಲಿ ನಿಂತು ಊದಿದ.

ವಾದ್ಯ ತೊಳೆಯುವವಳ ಮುಂದೆ ಊದುವವರ ಮುಚ್ಚುಮರೆ ನಡೆಯುವುದಿಲ್ಲ. ಯಾರು ಉಂಡು ಬಾಯಿ ಮುಕ್ಕಳಿಸದೆ ಬಂದರು, ಯಾರ ವಸಡಿನಲ್ಲಿ ರಕ್ತ ಒಸರುತ್ತಿದೆ, ಬಿಟ್ಟೆನೆಂದ ಸಿಗರೇಟನ್ನು ಯಾರು ಬಿಟ್ಟಿಲ್ಲ, ಹೆಂಡತಿಯರಿಗೆ ಗೊತ್ತಿಲ್ಲದ್ದೂ ಅವಳಿಗೆ ಗೊತ್ತು. ಆದರೂ ಯಾರ ಗುಟ್ಟನ್ನೂ ಬಿಟ್ಟುಕೊಟ್ಟವಳಲ್ಲ.

ಆ ಸೋಮವಾರ ಅಣ್ಣ ಬಚ್ಚಲ ಬಾಗಿಲಿಗೆ ಬಂದು ನಿಂತ. "ಈ ಸಲ ನಂದು ಬಿಟ್ಬಿಡಮ್ಮ. ಏನೂ ಕೊಳೆ ಆಗಿಲ್ಲ. ನೀನೂ ಸುಸ್ತಾಗಿದ್ದೀಯ."

ಎಂದೂ ಇಲ್ಲದ ಕರುಣೆ! ಅವನು ಅತ್ತ ಹೋದ ಮೇಲೆ ಅವಳು ಟ್ರಂಪೆಟ್ ಎತ್ತಿ, ಒಳಗೆ ನಿಂತ ಎಂಜಲು ಇಳಿಯಲೆಂದು ಇರುವ ಪುಟ್ಟ ಕೀಲಿಯನ್ನು ಒತ್ತಿದಳು. ಒಂದು ಹನಿಯೂ ಬೀಳಲಿಲ್ಲ. ಮೂಸಿದರೆ ಹೋದ ವಾರದ ತನ್ನದೇ ಸೋಪಿನ ವಾಸನೆ. ಭಾನುವಾರದ ಎರಡು ಕಾರ್ಯಕ್ರಮ, ಐದು ಗಂಟೆ ಅಣ್ಣ ಬರೀ ಕೆನ್ನೆ ಉಬ್ಬಿಸಿ ಬೆರಳು ಆಡಿಸಿದ್ದ. ಮೂರು ತಿಂಗಳಿಂದ ಅವನು ಮೆಟ್ಟಿಲ ಮಧ್ಯೆ ಕೂತು ಉಸಿರು ಸುಧಾರಿಸಿಕೊಳ್ಳುತ್ತಿದ್ದುದು ನೆನಪಾಯಿತು. ಅವಳಿಗೆ ಸಿಟ್ಟು ಬರಲಿಲ್ಲ. ಇದನ್ನೂ ನಾನೇ ಹೊರಬೇಕಲ್ಲ ಎಂದು ಆಯಾಸವಾಯಿತು, ಅಷ್ಟೇ.

ಮರುದಿನ ವಾದ್ಯ ಒಯ್ಯಲು ಬಂದ ಮೇಷ್ಟ್ರು ಬಾಗಿಲಲ್ಲೇ ನಿಂತು ದನಿ ತಗ್ಗಿಸಿದರು.

"ಅಕ್ಕಾ, ನಿಮ್ಮಣ್ಣನ ಸ್ವರಾನೇ ಕೇಳಿಸಲ್ಲ ಅಂತಾರೆ ಎಲ್ಲರೂ. ಆ ಜಾಗಕ್ಕೆ ಬೇರೆಯವರು ಕಾಯ್ತಿದ್ದಾರೆ. ನೀವು ಸುಳ್ಳು ಹೇಳೋರಲ್ಲ, ಅದಕ್ಕೆ ಕೇಳ್ತೀನಿ. ಅವರು ಊದ್ತಿದ್ದಾರಾ, ಇಲ್ವಾ?"

ಒಳಗಿನ ಕೋಣೆಯಲ್ಲಿ ಅಣ್ಣ ಪೇಪರ್ ಮಗುಚುವ ಸದ್ದು ನಿಂತಿತು.

"ಊದದೆ ಏನು ಮೇಷ್ಟ್ರೇ? ಒಂಬತ್ತರಲ್ಲಿ ಅದೇ ಜಾಸ್ತಿ ಗಲೀಜು. ಉಜ್ಜಿ ಉಜ್ಜಿ ನನ್ನ ಕೈ ಬಿದ್ದುಹೋಯ್ತು."

ಮೇಷ್ಟ್ರು ಅವಳ ಮುಖವನ್ನೊಮ್ಮೆ ನೋಡಿ, ತಲೆಯಾಡಿಸಿ, ಪೆಟ್ಟಿಗೆಗಳನ್ನು ಹೊತ್ತುಕೊಂಡು ಹೋದರು. ಅಣ್ಣ ತಂಗಿ ವಾರವಿಡೀ ಗ್ಯಾಸ್ ಸಿಲಿಂಡರಿನ ಬಗ್ಗೆ, ಮೇಲಿನ ಮನೆಯವರ ಗಲಾಟೆಯ ಬಗ್ಗೆ ಮಾತಾಡಿದರು.

ಮುಂದಿನ ಸೋಮವಾರ ಅಣ್ಣನೇ ತನ್ನ ಟ್ರಂಪೆಟ್ ತಂದು ಅವಳ ಮುಂದಿಟ್ಟ. "ನಿನ್ನೆ ತುಂಬಾ ಊದಿದೆ ಕಣೆ. ಇದನ್ನ ತೊಳೀಲೇಬೇಕು."

ಕೀಲಿ ಒತ್ತಿದಳು. ಒಂದು ಬೊಗಸೆ ನೀರು ಸುರಿಯಿತು. ತಿಳಿಯಾಗಿ, ತಣ್ಣಗೆ, ಒಂದಿಷ್ಟೂ ಲೋಳೆಯಿಲ್ಲದೆ. ಎಂಜಲಿಗೂ ನಲ್ಲಿ ನೀರಿಗೂ ಇರುವ ವ್ಯತ್ಯಾಸ ಹನ್ನೊಂದು ವರ್ಷ ತೊಳೆದವಳಿಗೆ ತಿಳಿಯುವುದಿಲ್ಲವೇ? ಅಣ್ಣ ಬಾಗಿಲಲ್ಲೇ ನಿಂತು ಅವಳ ಮುಖವನ್ನೇ ನೋಡುತ್ತಿದ್ದ.

"ಹೌದಣ್ಣ, ತುಂಬಾನೇ ಗಲೀಜಾಗಿದೆ," ಎಂದು ಅವಳು ಅದನ್ನು ಟಬ್ಬಿಗಿಳಿಸಿ, ಎಂದಿಗಿಂತ ಎರಡು ಚಮಚ ಹೆಚ್ಚು ಸೋಪು ಹಾಕಿ ಉಜ್ಜತೊಡಗಿದಳು.