ಪೆಂಡುರ್ತಿಯ ಇಟಲಿ ಊಟ

ಸುಮಿತ್ರಾ ಒಲೆಯ ಮೇಲಿಂದ ಏನೇ ಇಳಿಸಲಿ, ಅದು ಮೊದಲು ದೇವರ ಮುಂದೆ ಹೋಗಬೇಕು. ಹಬ್ಬದ ಹೋಳಿಗೆಯೇ ಆಗಬೇಕೆಂದಿಲ್ಲ. ಬ್ಯಾಂಕಿಗೆ ಹೊತ್ತಾಯಿತೆಂದು ಅವಸರದಲ್ಲಿ ಮಾಡಿದ ಉಪ್ಪಿಟ್ಟಾದರೂ ಸರಿ, ಬೆಳ್ಳಿ ಬಟ್ಟಲಿಗೆ ಒಂದಿಷ್ಟು ಹಾಕಿ, ಮೇಲೊಂದು ತುಳಸಿದಳ ಇಟ್ಟು, ನೀರು ಸುತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ಅದಕ್ಕೆ ಮೊದಲು ಸೌಟಿನ ತುದಿಯನ್ನು ನಾಲಿಗೆಗೆ ಸೋಕಿಸಿದವಳಲ್ಲ. ಬಸ್ಸು ತಪ್ಪಿದ್ದುಂಟು, ಇದು ತಪ್ಪಿದ್ದಿಲ್ಲ.

ಅಮ್ಮ ಶಾರದಮ್ಮ ಕಲಿಸಿದ್ದೇ ಹಾಗೆ. ರುಚಿ ನೋಡಿದರೆ ಎಂಜಲು; ಎಂಜಲನ್ನು ದೇವರಿಗೆ ಇಡುವುದುಂಟೆ? ಉಪ್ಪು, ಹುಳಿ, ಖಾರ ಎಲ್ಲವೂ ಕೈಯಂದಾಜು. ಕೈ ಅಪರೂಪಕ್ಕೆ ತಪ್ಪಿದರೂ ಅಮ್ಮ ಇದ್ದರು. ಅಮ್ಮನಿಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ತಿನ್ನಲೇಬೇಕು. ಹಾಗಾಗಿ ನೈವೇದ್ಯ ಮುಗಿದದ್ದೇ ಮೊದಲ ತುತ್ತು ಅಮ್ಮನದು, ಮನೆಗೆ ಯಾರು ಊಟಕ್ಕೆ ಬರುವವರಿದ್ದರೂ ಸರಿ. "ಸಾರಿಗೆ ಉಪ್ಪು ಒಂಚೂರು ಮುಂದಾಯ್ತು ಕಣೇ, ಒಂದು ಲೋಟ ಬೇಳೆಕಟ್ಟು ಹಾಕು" ಎಂದು ಅಲ್ಲೇ ತೀರ್ಪು ಕೊಡುತ್ತಿದ್ದರು. ತುಮಕೂರಿನಿಂದ ಬಂದ ತಾಯಿ ಮಗಳು ವಿಜಯವಾಡದ ಬೆಂಜ್ ಸರ್ಕಲ್ ಹತ್ತಿರದ ಬಾಡಿಗೆ ಮನೆಯಲ್ಲಿ, ಹಗಲಿರುಳು ಲಾರಿಗಳ ಸದ್ದಿನ ನಡುವೆ, ವರ್ಷಗಟ್ಟಲೆ ಹೀಗೆ ಉಂಡವರು.

ಅಮ್ಮ ತೀರಿಕೊಂಡ ವರ್ಷವೇ ಸುಮಿತ್ರಾಳಿಗೆ ಆಫೀಸರ್ ಬಡ್ತಿ ಬಂತು, ಜೊತೆಗೆ ವಿಶಾಖಪಟ್ಟಣಕ್ಕೆ ವರ್ಗ. ನಲವತ್ತು ದಾಟಿದ ಒಂಟಿ ಹೆಂಗಸಿಗೆ ಮನೆ ಸಿಕ್ಕಿದ್ದು ಊರಾಚೆಯ ಪೆಂಡುರ್ತಿಯಲ್ಲಿ, ಮಹಡಿಯ ಮೇಲೆ. ಕೆಳಗಿನ ಮನೆಯವರು ಬೀಗ ಹಾಕಿ ಮಗನ ಊರಿಗೆ ಹೋಗಿದ್ದರು. ಸಂಜೆ ಬಾಗಿಲು ತೆಗೆದರೆ, ಬೆಳಿಗ್ಗೆ ಕಟ್ಟೆಯ ಮೇಲೆ ಇಟ್ಟ ಲೋಟ ಇಟ್ಟಲ್ಲೇ ಇರುತ್ತಿತ್ತು. ಭಾನುವಾರಗಳಲ್ಲಿ ಹಾಲಿನವನಿಗೆ "ಅರ್ಧ ಲೀಟರ್ ಚಾಲು, ಸಾಕು" ಅಂದದ್ದು ಬಿಟ್ಟರೆ ಗಂಟಲಿಗೆ ಬೇರೆ ಕೆಲಸವಿರುತ್ತಿರಲಿಲ್ಲ. ಸಂಜೆಯ ಹೊತ್ತಿಗೆ ದೇವರ ನಾಮವನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದಳು, ಅರ್ಧ ಭಕ್ತಿಗೆ, ಅರ್ಧ ತನ್ನ ದನಿ ಇನ್ನೂ ಇದೆಯೇ ಎಂದು ನೋಡಲಿಕ್ಕೆ.

ಶಾಖೆಯಲ್ಲಿ ಒಂದು ಪದ್ಧತಿಯಿತ್ತು. ತಿಂಗಳಿಗೊಬ್ಬರ ಮನೆಯಲ್ಲಿ ಎಲ್ಲರಿಗೂ ಊಟ. ಹಿಂದಿನ ತಿಂಗಳು ಹೆಡ್ ಕ್ಯಾಷಿಯರ್ ಸೂರ್ಯಪ್ರಕಾಶರ ಮನೆಯಲ್ಲಿ ಚೈನೀಸ್ ನೂಡಲ್ಸ್ ಆಗಿತ್ತು. ಸರದಿ ಸುಮಿತ್ರಾಳಿಗೆ ಬಂದಾಗ, ಅವಳ ಪೂಜೆ ಪುನಸ್ಕಾರ ಕಂಡು ಅವಳನ್ನು ಅಮ್ಮಗಾರು ಎಂದೇ ಕರೆಯುತ್ತಿದ್ದ ಅವರೇ ತಮ್ಮ ತೆಲುಗಿನಲ್ಲಿ ಸಾರಿದರು:

"ಈ ಸಲ ಅಮ್ಮಗಾರಿ ಮನೆ! ಎಲ್ಲರೂ ತಲೆಗೆ ಸ್ನಾನ ಮಾಡಿ ಬನ್ನಿ. ಮೊದಲು ತೀರ್ಥ, ಆಮೇಲೆ ಮೊಸರನ್ನ, ಕೊನೆಗೆ ಮಂಗಳಾರತಿ."

"ಪೆಂಡುರ್ತಿವರೆಗೂ ಹೋಗಬೇಕಾದರೆ ಮ್ಯಾನೇಜರು ರಜಾ ಕೊಡಬೇಕು, ಜೊತೆಗೆ ರೈಲು ಟಿಕೆಟ್ಟೂ" ಎಂದಳು ಪಕ್ಕದ ಕೌಂಟರಿನ ಗಂಗಾಭವಾನಿ.

ಎಲ್ಲರೂ ನಕ್ಕರು. ಸುಮಿತ್ರಾಳೂ ನಕ್ಕಳು. ನಗುತ್ತಲೇ ಅವಳ ಬಾಯಿಂದ ಬಂತು: "ಮೊಸರನ್ನ ಅಲ್ಲ. ಇಟಲಿ ಊಟ ಮಾಡ್ತೀನಿ."

ಹಿಂದಿನ ವಾರವಷ್ಟೇ ಬಂದ ವಾರಪತ್ರಿಕೆಯಲ್ಲಿ ಮೆಕರೋನಿಯ ಚಿತ್ರ ನೋಡಿದ್ದಳು, ಅಷ್ಟೆ. ಆದರೆ ಅಂದಿನಿಂದ ಅವಳಿಗೆ ಬೇರೆ ಧ್ಯಾನವೇ ಇಲ್ಲ. ಇವರು ಒಮ್ಮೆ ಮೆಟ್ಟಿಲು ಹತ್ತಿ ಬಂದು ಸಂತೋಷವಾಗಿ ಉಂಡು ಹೋದರೆ, ಇನ್ನೊಮ್ಮೆ ಬರುತ್ತಾರೆ. ಸರದಿ ಇಲ್ಲದ ದಿನವೂ ಯಾರಾದರೂ ಒಬ್ಬರು, ಈ ಕಡೆ ಬಂದಿದ್ದೆ ಅಂತ, ಬಾಗಿಲು ತಟ್ಟಬಹುದು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಜಗದಾಂಬ ಜಂಕ್ಷನ್ನಿನ ಅಂಗಡಿಯಿಂದ ಮೆಕರೋನಿ, ಚೀಸ್ ಡಬ್ಬಿ ತಂದಳು. ಚೀಸನ್ನು ಅವಳು ಹುಟ್ಟಿದಾರಭ್ಯ ತಿಂದಿರಲಿಲ್ಲ. ದೇವರಿಗೆ ಇಡಬಹುದೇ ಎಂದು ಯೋಚಿಸಿದಳು. ಹಾಲಿನದೇ ತಾನೆ, ಇಡಬಹುದು. ಬೆಳ್ಳುಳ್ಳಿ ಬಿಟ್ಟಳು. ಬೇಕರಿ ಬ್ರೆಡ್ಡನ್ನು ದೇವರ ಮನೆಯ ಕಡೆ ತರದೆ ಹಜಾರದಲ್ಲೇ ಇಟ್ಟಳು.

ಪತ್ರಿಕೆಯ ಚಿತ್ರದ ಕೆಳಗೆ ಕೊಟ್ಟಿದ್ದ ವಿಧಾನದಲ್ಲಿ 'ರುಚಿಗೆ ತಕ್ಕಷ್ಟು ಉಪ್ಪು' ಎಂದಿತ್ತು. ಸುಮಿತ್ರಾ ಕೈಯನ್ನು ನಂಬಿದಳು. ಮೆಕರೋನಿ ಬೇಯುವ ನೀರಿಗೊಂದು ಹಿಡಿ, ಟೊಮೇಟೊ ಗೊಜ್ಜಿಗೆ ಸಾರಿಗೆ ಹಾಕುವಷ್ಟು. ಮೇಲೆ ಡಬ್ಬಿಯ ಚೀಸನ್ನೆಲ್ಲ ತುರಿದು ಕಲಸಿದಳು. ಬೆಳ್ಳಿ ಬಟ್ಟಲಿನಲ್ಲಿ ಕೆಂಪಗೆ ಹೊಳೆಯುವ ಮೆಕರೋನಿ, ಮೇಲೊಂದು ತುಳಸಿದಳ. 'ಸ್ವಾಮಿ, ಇದು ಏನೆಂದು ನನಗೂ ಗೊತ್ತಿಲ್ಲ, ಒಪ್ಪಿಸಿಕೋ' ಎಂದು ಕೈಮುಗಿದಳು. ನೈವೇದ್ಯವಾದ ಮೇಲೆ ಒಂದು ತುತ್ತು ಬಾಯಿಗೆ ಹಾಕಿಕೊಳ್ಳಬಹುದಿತ್ತು. ಆದರೆ ಅತಿಥಿಗಳು ಉಣ್ಣುವ ಮುಂಚೆ ಮನೆಯವಳು ಉಣ್ಣುವುದು ಹೇಗೆ?

ಸಂಜೆ ಅವರು ಬಂದಾಗ ಹಜಾರದ ತುಂಬ ಮೇಣದಬತ್ತಿ. ಪತ್ರಿಕೆಯ ಚಿತ್ರದಲ್ಲಿ ಹಾಗೇ ಇತ್ತು.

"ಅಯ್ಯೋ, ಇಲ್ಲೂ ಕರೆಂಟ್ ಪೋಯಿಂದಾ?" ಎಂದು ಸೂರ್ಯಪ್ರಕಾಶರು ಹೊಸ್ತಿಲಲ್ಲೇ ನಿಂತರು.

"ಇಟಲಿಯಲ್ಲಿ ಹೀಗೇ ಉಣ್ಣೋದಂತೆ" ಎಂದಳು ಸುಮಿತ್ರಾ.

"ಹಾಗಾದರೆ ನಮ್ಮ ವಿದ್ಯುತ್ ಇಲಾಖೆ ಎಂದೋ ಇಟಲಿಗೆ ಸೇರಿಬಿಟ್ಟಿದೆ ಬಿಡಿ!"

ಮೇಜಿನ ನಡುವೆ ಅಮ್ಮ ಕೊಂಡಪಲ್ಲಿಯಿಂದ ತಂದಿದ್ದ ಮರದ ಬೊಂಬೆ ಇಟ್ಟಿದ್ದಳು, ಒನಕೆ ಹಿಡಿದ ಹೆಂಗಸು. ಗಂಗಾಭವಾನಿ ಅದನ್ನು ಎತ್ತಿ ನೋಡಿದಳು. ಅವಳ ತಾಯಿ ಬಳ್ಳಾರಿಯ ಕಡೆಯವಳು. ಮನೆಯ ಕನ್ನಡ ಅವಳ ಬಾಯಲ್ಲಿ ಅರ್ಧ ತೆಲುಗಾಗಿತ್ತು. "ಸುಮಿತ್ರಕ್ಕಾ, ಈ ಬೊಮ್ಮ ಬಾಗುಂದಿ. ಮನೆ ಕೂಡ ಚೆಂದ ಇಟ್ಟಿದೀರಿ. ಇಷ್ಟು ಮಂದಿಗೆ ಒಬ್ಬರೇ ಮಾಡಿದಿರಾ?"

"ಒಬ್ಬಳೇ."

ಬಡಿಸಿದಳು. ಮೊದಲ ತುತ್ತಿಗೇ ಎಲ್ಲರ ಕೈಯೂ ನೀರಿನ ಲೋಟಕ್ಕೆ ಹೋಯಿತು. ಅವರಲ್ಲಿ ಯಾರೂ ಇಟಲಿ ಊಟ ಉಂಡವರಲ್ಲ. ಒಬ್ಬರ ಮುಖ ಒಬ್ಬರು ನೋಡಿ, ಇದು ಹೀಗೇ ಇರಬೇಕು ಎಂದು ತಲೆಬಾಗಿ ಉಣ್ಣತೊಡಗಿದರು.

"ಹೇಗಿದೆ?"

"ಚಾಲಾ ಬಾಗುಂದಿ ಅಮ್ಮಾ" ಎಂದರು ಸೂರ್ಯಪ್ರಕಾಶರು, ನೀರಿನ ಲೋಟ ಇಳಿಸುತ್ತ. "ಇಟಲಿ ಸುತ್ತ ಸಮುದ್ರ ಅಲ್ಲವಾ? ಗೊತ್ತಾಗ್ತಿದೆ."

ಎಲ್ಲರೂ ಜೋರಾಗಿ ನಕ್ಕರು. ಸುಮಿತ್ರಾಳಿಗೆ ಅರ್ಥವಾಗಲಿಲ್ಲ, ಆದರೂ ನಕ್ಕಳು. ಮನೆಯಲ್ಲಿ ಅಷ್ಟು ನಗು ಕೇಳಿ ಅವಳ ಕಣ್ಣು ಒದ್ದೆಯಾಗಿತ್ತು. ಬಿಂದಿಗೆ ಖಾಲಿಯಾಯಿತು. ಮತ್ತೆ ತುಂಬಿಸಿ ತಂದಳು. ಸೆಕೆಗೆ ಕುಡಿಯುತ್ತಿದ್ದಾರೆ ಎಂದುಕೊಂಡಳು. ಇನ್ನಷ್ಟು ಬಡಿಸಹೋದರೆ ಎಲ್ಲರೂ ತಟ್ಟೆಗೆ ಕೈ ಅಡ್ಡ ಹಿಡಿದರು. ಸ್ವಲ್ಪ ಹೊತ್ತಿಗೆ ಬಸ್ಸಿನ ಮಾತು ಬಂತು. ಮೆಟ್ಟಿಲ ಮೇಲೆ ಚಪ್ಪಲಿಗಳ ಸದ್ದು ಒಂದೊಂದಾಗಿ ಇಳಿದು ಹೋಯಿತು.

ಮೇಣದಬತ್ತಿಗಳಲ್ಲಿ ಒಂದನ್ನು ಉಳಿಸಿಕೊಂಡು ಅವಳು ಊಟಕ್ಕೆ ಕೂತಳು. ಮೊದಲು ದೇವರ ಬಟ್ಟಲಿನದು. ತುಳಸಿದಳವನ್ನು ಕಣ್ಣಿಗೊತ್ತಿಕೊಂಡು ಬದಿಗಿಟ್ಟು ಬಾಯಿಗೆ ಹಾಕಿಕೊಂಡಳು.

ಉಪ್ಪು. ಸಮುದ್ರದ ನೀರೇ.

ಆಮೇಲೆ ತಟ್ಟೆಗಳನ್ನು ನೋಡಿದಳು. ಬ್ರೆಡ್ಡಿನ ತುಂಡುಗಳ ಕೆಳಗೆ ಮೆಕರೋನಿಯನ್ನು ಮುಚ್ಚಿಟ್ಟಿದ್ದರು, ಅವಳ ಮನಸ್ಸು ನೋಯಬಾರದೆಂದು. ಚೀಸಿಗೇ ಅಷ್ಟು ಉಪ್ಪಿರುತ್ತದೆಂದು ಅವಳಿಗೆ ಹೇಳುವವರು ಯಾರಿದ್ದರು? ಅಮ್ಮ ಇದ್ದಿದ್ದರೆ ಮೊದಲ ತುತ್ತಿಗೇ ಮುಖ ಕಿವುಚಿ, "ಅಯ್ಯೋ ಇದೇನೇ, ಬಡಿಸಬೇಡ, ಒಗ್ಗರಣೆ ಅವಲಕ್ಕಿ ಮಾಡು ಬೇಗ" ಎನ್ನುತ್ತಿದ್ದರು. ದೇವರಿಗೂ ಅತಿಥಿಗಳಿಗೂ ನಡುವೆ ಒಂದು ನಾಲಿಗೆ ಇತ್ತು ಆ ಮನೆಯಲ್ಲಿ. ಈ ಮನೆಯಲ್ಲಿ ಆ ಜಾಗ ಖಾಲಿ. ಸಾವಿನ ದಿನ, ಹನ್ನೆರಡನೆಯ ದಿನ, ಗೋದಾವರಿಯಲ್ಲಿ ಬೂದಿ ಬಿಟ್ಟ ದಿನ, ಯಾವತ್ತೂ ಅವಳಿಗೆ ಅಮ್ಮ ಇಲ್ಲವೆನ್ನುವುದು ಇಷ್ಟು ನೆಟ್ಟಗೆ ತಿಳಿದಿರಲಿಲ್ಲ.

ಪ್ರಸಾದವನ್ನು ಚೆಲ್ಲುವಂತಿಲ್ಲ. ಮೊಸರು ಬೆರೆಸಿಕೊಂಡು, ಬಟ್ಟಲಲ್ಲಿದ್ದದ್ದನ್ನು ಕೊನೆಯ ಚೂರಿನವರೆಗೂ ತಿಂದಳು.

ಸೋಮವಾರ ಮಧ್ಯಾಹ್ನ ಸೂರ್ಯಪ್ರಕಾಶರು ಅವಳ ಮೇಜಿನ ಬಳಿ ಬಂದು ನಿಂತರು. ಅಂದು ತಮಾಷೆಯಿಲ್ಲ, ದನಿ ಮೆತ್ತಗಿತ್ತು. ಹಿಂದೆ ಗಂಗಾಭವಾನಿ ಸೆರಗಿನ ತುದಿ ಸುತ್ತುತ್ತ ನಿಂತಿದ್ದಳು.

"ಅಮ್ಮಾ, ನಾವೆಲ್ಲ ಮಾತಾಡಿಕೊಂಡೆವು. ನೀವು ಒಬ್ಬರೇ ಇರೋರು. ಅಷ್ಟು ದೂರ, ಅಷ್ಟು ಶ್ರಮ ಯಾಕೆ? ಮುಂದಿನ ನಿಮ್ಮ ಸರದಿ ನಮ್ಮ ಮನೇಲಿ ಆಗಲಿ. ನಮ್ಮವಳು ಎಲ್ಲ ಮಾಡ್ತಾಳೆ, ನಿಮ್ಮ ಹೆಸರಲ್ಲೇ. ನೀವು ಸುಮ್ಮನೆ ಊಟಕ್ಕೆ ಬಂದರೆ ಸಾಕು."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಅದು ಸುಮಿತ್ರಾಳಿಗೆ ಗೊತ್ತಿತ್ತು. ಹೂಂ ಎಂದರೆ ಆ ಮೆಟ್ಟಿಲುಗಳನ್ನು ಇನ್ನು ಯಾರೂ ಹತ್ತುವುದಿಲ್ಲ ಎನ್ನುವುದೂ ಗೊತ್ತಿತ್ತು. ಅವಳು ಪೆನ್ನಿನ ಮುಚ್ಚಳ ಹಾಕಿ ತಲೆಯೆತ್ತಿದಳು.

"ಬೇಡ ಸೂರ್ಯಪ್ರಕಾಶ್ ಗಾರು. ಅವತ್ತು ಉಪ್ಪು ಜಾಸ್ತಿಯಾಗಿತ್ತು, ನೀವು ಯಾರೂ ಹೇಳಲಿಲ್ಲ. ಮುಂದಿನ ಸಲ ಹೇಳಿ, ನನ್ನ ಮನೇಲೇ ಕೂತು. ನನ್ನ ಸರದಿ ನನಗೇ ಇರಲಿ."