ನಿದ್ದಿ ಮೇಳದ ಅಕ್ಕೋರು

ಹಳೆಯ ಆಂಪ್ಲಿಫೈಯರ್ ಕಾಯತೊಡಗಿದಾಗ ಒಳಗಿನ ಧೂಳು ಸುಟ್ಟು ಒಂದು ವಾಸನೆ ಬರುತ್ತದೆ. ನಮ್ಮದರಲ್ಲಿ ಧೂಳಿನ ಜೊತೆ ಹತ್ತಿಯ ಎಳೆಗಳೂ ಸೇರಿಕೊಂಡಿರುವುದರಿಂದ ಅದು ಆರಿದ ದೀಪದ ಬತ್ತಿಯ ವಾಸನೆ. ಬಹಳ ದಿನಗಳ ಮೇಲೆ ಹೋದ ವಾರ ಅದರ ಸ್ವಿಚ್ ಹಾಕಿದೆ. ವಾಸನೆ ಮೂಗಿಗೆ ಬಡಿದದ್ದೇ ತಡ, ರೂಢಿಯಂತೆ ಮೈಕಿನ ಕಡೆ ತಿರುಗಿದೆ... ಅಕ್ಕೋರು ಇರಲಿಲ್ಲ.

ನಾಲ್ಕನೆಯ ಇಯತ್ತೆಯಲ್ಲಿ ನನಗೆ ಪಾಠ ಹೇಳಿದವರು ಅವರು. ಗಿಡ್ಡ ಆಳು, ದೊಡ್ಡ ಕುಂಕುಮ, ಯಾರಿಗೂ ಹೆದರದ ಬಾಯಿ. ನಾನು ದೊಡ್ಡವನಾಗಿ ಗಿಟಾರ್ ಹಿಡಿದಾಗ ಅಣ್ಣಿಗೇರಿಯ ಹೊರಗೆ, ಮುಚ್ಚಿಹೋದ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯ ಶೆಡ್ಡಿನಲ್ಲಿ ನಮ್ಮ ತಾಲೀಮು ನಡೆಯುತ್ತಿತ್ತು. ಬೇಸ್ ಗಿಟಾರಿಗೆ ನನ್ನ ಕಾಕಾನ ಮಗ, ಡ್ರಮ್ಮಿಗೆ ಒಬ್ಬ ಗೆಳೆಯ. ಸುತ್ತಲಿನ ಮದುವೆಗಳಲ್ಲಿ ಸಿನಿಮಾ ಹಾಡು ಬಾರಿಸಿ ಊಟ ಮಾಡಿ ಬರುವುದು ನಮ್ಮ ಕಸುಬು. ಅಕ್ಕೋರ ಮನೆ ಶೆಡ್ಡಿನ ಬಾಜೂಕೇ ಇತ್ತು. ಒಂದು ರವಿವಾರ ಅವರು ಒಳಗೆ ಬಂದಾಗ, ಗದ್ದಲ ಮಾಡುತ್ತೀರೆಂದು ಬೈಯುತ್ತಾರೆ ಅಂದುಕೊಂಡೆವು. ಅವರು ನಮ್ಮನ್ನು ಸುಮ್ಮನಾಗಿಸಿ, ಶೆಡ್ಡಿನ ನಟ್ಟನಡುವೆ ನಿಂತು ಒಂದೇ ಒಂದು ಸ್ವರ ಹಿಡಿದರು. ಮೇಲಿನ ತಗಡಿನ ಪತ್ರಾಸು ಅದನ್ನು ತೆಗೆದುಕೊಂಡು, ಎಲ್ಲ ಮೂಲೆ ಸುತ್ತಿಸಿ, ನಿಧಾನವಾಗಿ ವಾಪಸ್ಸು ಕೊಟ್ಟಿತು.

“ಇಷ್ಟು ದೊಡ್ಡ ವಾದ್ಯದಾಗ ಕುಂತು ಮದುವಿ ಹಾಡು ಬಾರಸ್ತೀರಲ್ಲೋ,” ಅಂದರು.

ನಮ್ಮ ಮೇಳ ಶುರುವಾದದ್ದು ಆ ಮಾತಿನಿಂದ. ಒಂದು ತಾಸಿನ ಒಂದೇ ಹಾಡು. ಅದರಲ್ಲಿ ಮಾತು ಇಲ್ಲವೆನ್ನುವಷ್ಟು ಕಡಿಮೆ. ನನ್ನ ಗಿಟಾರಿನ ಸದ್ದು ಎಕೋ ಯಂತ್ರದಲ್ಲಿ ಹೊಕ್ಕು ಮಂಜಿನ ಹಾಗೆ ಹಬ್ಬಿದರೆ, ಅಕ್ಕೋರ ದನಿ ಅದರ ಮೇಲೆ ತೇಲುತ್ತಿತ್ತು. ಕೇಳಿದವರಿಗೆ ಇದು ಭಜನೆಯೋ, ಇಂಗ್ಲಿಷಿನವರದೋ, ಮಷೀನು ಕೆಟ್ಟಿದೆಯೋ ಒಂದೂ ಬಗೆಹರಿಯುತ್ತಿರಲಿಲ್ಲ.

ಮೊದಲ ಕಾರ್ಯಕ್ರಮ ನವಲಗುಂದದ ಯುವಕ ಸಂಘದ ವೇದಿಕೆಯಲ್ಲಿ. ಸ್ವಲ್ಪ ಹೊತ್ತಿಗೇ ಶಿಳ್ಳೆ ಬಿದ್ದವು. ಕ್ಯಾಸೆಟ್ ಸಿಕ್ಕೊಂಡೈತೇನು ನೋಡ್ರಲೇ ಎಂದು ಒಬ್ಬ ಕೂಗಿದ. ಇದೇನು ನಿದ್ದಿ ಮೇಳ ಹಚ್ಚೀರಿ ಎಂದು ಇನ್ನೊಬ್ಬ. ಅಕ್ಕೋರು ಹಾಡು ನಿಲ್ಲಿಸದೆ, ನಡುವೆ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಮೈಕಿಗೆ ಬಾಯಿಟ್ಟು ಹೇಳಿದರು: “ನಿದ್ದಿ ಬಂದ್ರ ಮಲಕೋರಿ. ನಾವು ಬಾರಿಸ್ಕೋಂತ ಇರ್ತೀವಿ.”

ಮರುದಿನ ಬಣ್ಣದ ಡಬ್ಬಿ ತಂದು ದೊಡ್ಡ ಡ್ರಮ್ಮಿನ ಮೇಲೆ ತಾವೇ ಬರೆದರು: ನಿದ್ದಿ ಮೇಳ. ಬೈಗುಳವೇ ನಮ್ಮ ಹೆಸರಾಯಿತು.

ಕುಂದಗೋಳದಲ್ಲಿ ಸಂಗೀತ ಬಲ್ಲವರೊಬ್ಬರು ಇದು ಬಹಳ ಉದ್ದವಾಯಿತೆಂದು ಮುಖ ಸಿಂಡರಿಸಿದಾಗ, ಒಂದು ರಾಗವನ್ನು ತಾಸುಗಟ್ಟಲೆ ಕೇಳುವವರು ನಮ್ಮದಕ್ಕೆ ಮಾತ್ರ ಗಡಿಯಾರ ಯಾಕೆ ನೋಡುತ್ತೀರಿ ಎಂದು ಅಕ್ಕೋರು ಅವರನ್ನೇ ಕೇಳಿದರು. ಹುಬ್ಬಳ್ಳಿಯಿಂದ ಕ್ಯಾಸೆಟ್ ಮಾಡುವವನೊಬ್ಬ ಬಂದು, ನಾಲ್ಕು ನಿಮಿಷಕ್ಕೆ ಕತ್ತರಿಸಿ ಕುಣಿಯುವ ತಾಳ ಹಾಕೋಣವೆಂದ. ಅವನಿಗೆ ಚಹಾ ಕುಡಿಸಿ ಕಳಿಸಿದರು. ಡ್ರಮ್ಮಿನ ಗೆಳೆಯ ಅವನ ಹಿಂದೆಯೇ ಹೋದ, ದೊಡ್ಡ ಡ್ರಮ್ಮು ಮಾತ್ರ ಉಳಿಯಿತು. ಅವನ ಜಾಗಕ್ಕೆ ಇನ್ನೊಬ್ಬನನ್ನು ತರುವುದು ಅಕ್ಕೋರಿಗೆ ಬೇಕಿರಲಿಲ್ಲ. ಹೋದವರ ಜಾಗ ತುಂಬಬಾರದು, ಅದು ಖಾಲಿ ಐತಿ ಅಂತ ಕೇಳಿಸಬೇಕು ಅನ್ನುತ್ತಿದ್ದರು. ತಾಳವಿಲ್ಲದೆ ಬಾರಿಸುವುದನ್ನು ಕಲಿತೆವು.

ವರ್ಷಗಳು ಹೋದವು. ಇಂಟರ್ನೆಟ್ ಬಂದ ಮೇಲೆ, ನಮಗೆ ಹೆಸರು ಸಹ ಸರಿಯಾಗಿ ಹೇಳಲು ಬಾರದ ದೇಶದವರು ನಮ್ಮನ್ನು ಕೇಳತೊಡಗಿದರು. ಊರಿನವರು ಮಾತ್ರ ಬದಲಾಗಲಿಲ್ಲ. ಸಂತೆಯಲ್ಲಿ ಕಂಡರೆ, ನಿದ್ದಿ ಆತೇನ್ರಿ ಎಂದೇ ಕೇಳುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು, ಅಕ್ಕೋರು ನಗುತ್ತಿದ್ದರು.

ರಿಟೈರ್ ಆದ ಮೇಲೆ ಅವರಿಗೆ ಗಂಟಲ ರೋಗ ಬಂತು. ಆಪರೇಷನ್ ಆಯಿತು. ದನಿ ಹೋಗಿ ಪಿಸುಮಾತಷ್ಟೇ ಉಳಿಯಿತು. ಇನ್ನು ಮುಗಿಯಿತೆಂದು ನಾನು ಆಂಪ್ಲಿಫೈಯರ್ ಮೇಲೆ ಗೋಣಿಚೀಲ ಹೊದಿಸಿದೆ. ಸ್ವಲ್ಪ ದಿನಕ್ಕೆ ಅಕ್ಕೋರು ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಶೆಡ್ಡಿಗೆ ಬಂದರು. ಗೋಣಿಚೀಲ ಕಿತ್ತು ಮೂಲೆಗೆ ಎಸೆದರು.

“ಉಸಿರು ಐತೆಲ್ಲೋ ಇನ್ನ. ಹಚ್ಚು.”

ಹಚ್ಚಿದೆ. ಅವರು ಮೈಕಿಗೆ ತುಟಿ ತಾಗಿಸಿ ಬರೀ ಉಸಿರಾಡಿದರು. ಎಕೋ ಅದನ್ನು ಹಿಗ್ಗಿಸಿತು, ಪತ್ರಾಸು ತಿರುಗಿ ಕೊಟ್ಟಿತು. ಎರೆ ಹೊಲದ ಮೇಲೆ ಗಾಳಿ ಹಾಯುವ ಸದ್ದು ಅದು. ಕಾಕಾನ ಮಗ ಕಣ್ಣು ಒರೆಸಿಕೊಂಡು ತಂತಿ ಮೀಟಿದ. ಆಮೇಲಿನ ವರ್ಷಗಳಲ್ಲಿ ನಾವು ಹಾಗೆಯೇ ಬಾರಿಸಿದೆವು. ನನ್ನನ್ನು ಕೇಳಿದರೆ, ನಮ್ಮ ಮೇಳದ ಒಳ್ಳೆಯ ಕಾಲ ಅದೇ.

ಕಳೆದ ಮಳೆಗಾಲದಲ್ಲಿ ಆ ಉಸಿರೂ ನಿಂತಿತು.

ಹೋದ ವಾರ ನವಲಗುಂದದ ಅದೇ ಸಂಘದವರು ಫೋನ್ ಮಾಡಿದರು. ಅಕ್ಕೋರ ಹೆಸರಿನಲ್ಲಿ ಕಾರ್ಯಕ್ರಮವಂತೆ. ಒಂದು ನಿಮಿಷ ಮೌನ, ಆಮೇಲೆ ಹೊಸ ಹುಡುಗಿಯೊಬ್ಬಳು ಎರಡು ಸಿನಿಮಾ ಹಾಡು ಹೇಳುತ್ತಾಳೆ, ನಾವು ಹಿಂದೆ ಬಾರಿಸಬೇಕು. ನನ್ನ ಪಿತ್ತ ನೆತ್ತಿಗೇರಿತು. ಬದುಕಿದ್ದಾಗ ಅವರೆದುರು ಒಂದು ನಿಮಿಷ ಸುಮ್ಮನೆ ಕೂಡದ ಮಂದಿ, ಸತ್ತ ಮೇಲೆ ಮೌನ ಮಾಡುತ್ತಾರಂತೆ! ಬಂದರೆ ಒಂದು ತಾಸು, ನಮ್ಮ ಹಾಡೇ, ಇಲ್ಲದಿದ್ದರೆ ಕರೆಯಬೇಡಿ ಎಂದೆ. ಆಮಂತ್ರಣ ಪತ್ರಿಕೆಯಲ್ಲಿ ನಮ್ಮ ಹೆಸರು ಆಗಲೇ ಅಚ್ಚಾಗಿತ್ತು. ಒಪ್ಪಿದರು.

ನಿನ್ನೆ ಸಂಜೆ ಇಬ್ಬರೇ ವೇದಿಕೆ ಹತ್ತಿದೆವು. ಬಾರಿಸುವವರಿಲ್ಲದ ಡ್ರಮ್ಮನ್ನು ಅದರ ಜಾಗದಲ್ಲಿಟ್ಟೆವು. ಅಕ್ಕೋರ ಮೈಕನ್ನು ಅವರ ಎತ್ತರಕ್ಕೇ ನಿಲ್ಲಿಸಿ ಚಾಲೂ ಇಟ್ಟೆವು. ಶುರು ಮಾಡುತ್ತಲೇ ಹಿಂದಿನಿಂದ ಯಾವುದೋ ಸಿನಿಮಾ ಹಾಡಿಗೆ ಕೂಗು ಬಂತು. ನಾನು ಆ ಗಿಡ್ಡ ಮೈಕಿಗೆ ಬಗ್ಗಿ ಹೇಳಿದೆ: “ನಿದ್ದಿ ಬಂದ್ರ ಮಲಕೋರಿ. ನಾವು ಬಾರಿಸ್ಕೋಂತ ಇರ್ತೀವಿ.”

ಅವರ ಉಸಿರು ಬರಬೇಕಾದ ಜಾಗ ಬಂತು. ಏನೂ ಬರಲಿಲ್ಲ... ಅಲ್ಲಿ ನನಗೆ ಅಳು ತಡೆಯಲಾಗಲಿಲ್ಲ, ಆದರೆ ಕೈ ನಿಲ್ಲಿಸಲಿಲ್ಲ. ಆ ಜಾಗ ತುಂಬಲೂ ಇಲ್ಲ. ಅರ್ಧಕ್ಕರ್ಧ ಜನ ಎದ್ದು ಹೋದರು, ನಾವು ತಾಸು ಪೂರ್ತಿ ಬಾರಿಸಿದೆವು.

ಮುಗಿದಾಗ ಮುಂದಿನ ಸಾಲಿನಲ್ಲಿ ಒಬ್ಬ ಅಗದಿ ಗಾಢ ನಿದ್ದೆಯಲ್ಲಿದ್ದ. ಅವನಿಗೆ ಎಚ್ಚರವಾಗದ ಹಾಗೆ ವಾಯರು ಸುತ್ತಿಕೊಂಡು ಇಳಿದು ಬಂದೆವು.